ಡೊಮೈನ್‌ಗೆ ಲಾಗಿನ್ ಆಗುತ್ತಿಲ್ಲವೇ? ಸಿಸ್ಟಂ ಹೊರತೆಗೆದು ಮತ್ತೆ ಸೇರಿಸುವ ಮೊದಲು ನೋಡಬೇಕಾದದ್ದು

ಬೆಳಗ್ಗೆ ಹತ್ತು ಗಂಟೆಗೆ ಫೋನ್ ಬರುತ್ತದೆ: "ಸರ್, ಲಾಗಿನ್ ಆಗುತ್ತಿಲ್ಲ." ಇಂಥ ಕರೆ ಬಂದಾಗ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುವವರ ಕೈ ತಾನಾಗಿಯೇ ಎರಡು ಕೆಲಸಗಳ ಕಡೆಗೆ ಹೋಗುತ್ತದೆ. ಒಂದು, ಪಾಸ್‌ವರ್ಡ್ ರೀಸೆಟ್. ಇನ್ನೊಂದು, ಸಿಸ್ಟಂ ಅನ್ನು ಡೊಮೈನ್‌ನಿಂದ, ಎಂದರೆ ಕಚೇರಿಯ ಸಿಸ್ಟಂಗಳನ್ನೂ ಖಾತೆಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಯಿಂದ, ಹೊರತೆಗೆದು ಮತ್ತೆ ಸೇರಿಸುವುದು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಎಷ್ಟೋ ಸಲ ಸಿಸ್ಟಂ ಸರಿಯೂ ಹೋಗುತ್ತದೆ, ಆದರೆ ಏಕೆ ಕೆಟ್ಟಿತ್ತು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಒಂದು ತಿಂಗಳಲ್ಲಿ ಅದೇ ಸಿಸ್ಟಂ ಮತ್ತೆ ಕೈಕೊಡುತ್ತದೆ.

ಇಲ್ಲಿ ಹೇಳುತ್ತಿರುವುದು ವಿಂಡೋಸ್ 10 ಅಥವಾ 11 ಇರುವ ಸಿಸ್ಟಂಗಳು ಆ್ಯಕ್ಟಿವ್ ಡೈರೆಕ್ಟರಿ (ಖಾತೆಗಳ ವಿವರ ಇಟ್ಟುಕೊಳ್ಳುವ ಮೈಕ್ರೋಸಾಫ್ಟ್‌ನ ವ್ಯವಸ್ಥೆ) ಡೊಮೈನ್‌ಗೆ ಸೇರಿರುವ ಸಾಧಾರಣ ಕಚೇರಿಯ ವಿಷಯ. ಆಜ್ಞೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಹೊರತೆಗೆದು ಸೇರಿಸುವುದಕ್ಕೆ ಅವಸರ ಏಕೆ ಬೇಡ

ಡೊಮೈನ್‌ಗೆ ಸೇರಿದ ಪ್ರತಿಯೊಂದು ಸಿಸ್ಟಂಗೂ ಮನುಷ್ಯರಿಗೆ ಇರುವಂತೆಯೇ ಅಲ್ಲಿ ಒಂದು ಖಾತೆ ಇರುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಉಳಿಸುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಆ ಕೀ ಇರುವುದು ಈ ಕಂಪ್ಯೂಟರ್ ಖಾತೆಯ ಒಳಗೇ. "ಹಳೆಯ ಖಾತೆ ಅಳಿಸಿ ಹೊಸದಾಗಿ ಸೇರಿಸೋಣ" ಎಂದು ಅಳಿಸಿದರೆ ಕೀಯೂ ಅದರ ಜೊತೆಗೆ ಹೋಗುತ್ತದೆ. ನಾಳೆ ಆ ಡಿಸ್ಕ್ ಕೀ ಕೇಳಿತೆಂದರೆ ಒಬ್ಬರ ವರ್ಷಗಳ ಕೆಲಸ ಒಳಗೇ ಉಳಿದುಬಿಡುತ್ತದೆ. ಇನ್ನು, ಲೋಕಲ್ ಅಡ್ಮಿನ್ (ಸಿಸ್ಟಂನ ಒಳಗೇ ಇರುವ, ಪೂರ್ಣ ಅಧಿಕಾರದ ಖಾತೆ) ಪಾಸ್‌ವರ್ಡ್ ಗೊತ್ತಿಲ್ಲದೆ ಡೊಮೈನ್‌ನಿಂದ ಹೊರತೆಗೆದು ಮರುಪ್ರಾರಂಭಿಸಿದರೆ ಆ ಸಿಸ್ಟಂಗೆ ಯಾರೂ ಲಾಗಿನ್ ಆಗಲಾರರು. ಅದೂ ಅಲ್ಲದೆ, 2022ರ ಅಕ್ಟೋಬರ್ ತಿಂಗಳ ಅಪ್‌ಡೇಟ್‌ನಿಂದ ವಿಂಡೋಸ್ ಬಿಗಿಯಾಗಿದೆ: ಬೇರೊಬ್ಬರು ಸೃಷ್ಟಿಸಿದ ಕಂಪ್ಯೂಟರ್ ಖಾತೆಯ ಹೆಸರನ್ನೇ ಮತ್ತೆ ಬಳಸಿ ಸೇರಿಸಲು ಹೋದರೆ ಸಾಮಾನ್ಯವಾಗಿ 2732 ಎಂಬ ದೋಷ ಕೊಟ್ಟು ನಿರಾಕರಿಸುತ್ತದೆ. ಸಣ್ಣ ತೊಂದರೆ ಸರಿಪಡಿಸಲು ಹೋಗಿ ದೊಡ್ಡ ತೊಂದರೆಗೆ ಸಿಕ್ಕಿಕೊಳ್ಳುವುದು ಹೀಗೆ.

ಮೊದಲು ಕೇಳುವ ಪ್ರಶ್ನೆಗಳು

ಪರದೆಯ ಮೇಲೆ ಏನು ಬರೆದಿದೆ? "ಎರರ್ ಬರುತ್ತಿದೆ" ಎಂಬುದು ಉತ್ತರವಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಕಳುಹಿಸಲು ಹೇಳಿ. ಪಾಸ್‌ವರ್ಡ್ ತಪ್ಪು ಎಂದಿದೆಯೇ, ಲಾಗಾನ್ ಸರ್ವರ್ ಸಿಗುತ್ತಿಲ್ಲ ಎಂದಿದೆಯೇ, ಟ್ರಸ್ಟ್ ರಿಲೇಶನ್‌ಶಿಪ್ ಮುರಿದಿದೆ ಎಂದಿದೆಯೇ, ಖಾತೆ ಲಾಕ್ ಆಗಿದೆ ಎಂದಿದೆಯೇ? ಈ ನಾಲ್ಕೂ ನಾಲ್ಕು ಬೇರೆ ದಾರಿಗಳು.

ಎಷ್ಟು ಜನರಿಗೆ ಹೀಗಾಗಿದೆ? ಒಬ್ಬರಿಗೆ ಎಲ್ಲ ಸಿಸ್ಟಂಗಳಲ್ಲೂ ಆಗುತ್ತಿಲ್ಲವಾದರೆ ಅದು ಅವರ ಖಾತೆಯ ತೊಂದರೆ. ಒಂದು ಸಿಸ್ಟಂನಲ್ಲಿ ಯಾರಿಗೂ ಆಗುತ್ತಿಲ್ಲವಾದರೆ ಅದು ಸಿಸ್ಟಂನ ತೊಂದರೆ. ಒಂದು ಮಹಡಿಗೇ ಆಗುತ್ತಿಲ್ಲವಾದರೆ ಅಲ್ಲಿನ ನೆಟ್‌ವರ್ಕ್ ಸ್ವಿಚ್ ನೋಡಿ. ಕಚೇರಿಗೇ ಆಗುತ್ತಿಲ್ಲವಾದರೆ ಸರ್ವರ್ ಕೋಣೆಗೆ ಹೋಗಿ. ಪಕ್ಕದ ಮೇಜಿನಲ್ಲಿ ಒಮ್ಮೆ ಪ್ರಯತ್ನಿಸಿ ನೋಡಲು ಎರಡು ನಿಮಿಷ ಸಾಕು, ಅದರಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಪಾಸ್‌ವರ್ಡ್ ತಪ್ಪು ಎಂದು ಬಂದರೆ, ಮರೆತಿದ್ದಾರೆ ಎಂದುಕೊಳ್ಳುವ ಮೊದಲು ಕೀಬೋರ್ಡ್ ನೋಡಿ. ಕನ್ನಡದಲ್ಲಿ ಟೈಪ್ ಮಾಡುವ ಕಚೇರಿಗಳಲ್ಲಿ ಲಾಗಿನ್ ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಭಾಷೆಯ ಗುರುತು ಕನ್ನಡಕ್ಕೆ ತಿರುಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಳಗೆ ಬೀಳುವುದು ಕನ್ನಡ ಅಕ್ಷರ, ಮೇಲೆ ಕಾಣುವುದು ಬರೀ ಚುಕ್ಕೆ. ಇನ್ನೊಂದು, ಬ್ರಿಟನ್ನಿನ ಇಂಗ್ಲಿಷ್ ಕೀಬೋರ್ಡ್ ಜೋಡಣೆ. ಅದರಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ @ ಬರುವುದಿಲ್ಲ, ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡ್‌ನಲ್ಲಿ @ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಗುರುತನ್ನು ಅವರೇ ಒತ್ತಿ ನೋಡಲಿ. ಹಾಗೆಯೇ ಪೆಟ್ಟಿಗೆಯ ಕೆಳಗೆ ಡೊಮೈನ್ ಹೆಸರು ಇದೆಯೇ, ಸಿಸ್ಟಂನ ಸ್ವಂತ ಹೆಸರು ಬಂದಿದೆಯೇ ಎಂಬುದನ್ನೂ ನೋಡಿ. ಸ್ವಂತ ಹೆಸರು ಬಂದಿದ್ದರೆ ವಿಂಡೋಸ್ ಅವರನ್ನು ಆ ಸಿಸ್ಟಂನ ಖಾತೆಗಳಲ್ಲೇ ಹುಡುಕುತ್ತಿದೆ.

ಒಂದು ವಿಚಿತ್ರ ಲಕ್ಷಣ: ಹೊಸ ಪಾಸ್‌ವರ್ಡ್‌ಗೆ ಆಗುವುದಿಲ್ಲ, ಹಳೆಯ ಪಾಸ್‌ವರ್ಡ್‌ಗೆ ಲಾಗಿನ್ ಆಗುತ್ತದೆ. ಇದನ್ನು ಕೇಳಿದ ತಕ್ಷಣ ನನ್ನ ಅನುಮಾನ ನೆಟ್‌ವರ್ಕಿನ ಮೇಲೆ. ಡೊಮೈನ್ ಕಂಟ್ರೋಲರ್ (ಡೊಮೈನ್‌ನ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್) ಸಿಗದಿದ್ದರೂ ಕೆಲಸ ನಿಲ್ಲಬಾರದೆಂದು ವಿಂಡೋಸ್ ಹಿಂದಿನ ಲಾಗಿನ್‌ಗಳ ಗುರುತನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಕೊನೆಯ 10 ಬಳಕೆದಾರರದು. ಹಳೆಯ ಪಾಸ್‌ವರ್ಡ್ ಒಪ್ಪಿದ್ದು ಆ ನೆನಪಿನಿಂದ, ಸರ್ವರ್ ಅದನ್ನು ಕಂಡೇ ಇಲ್ಲ. ಲಾಗಿನ್ ಆದ ಮೇಲೆ ಕೆಲಿಸ್ಟ್ ಆಜ್ಞೆ ಕೊಟ್ಟಾಗ ಒಂದೂ ಟಿಕೆಟ್ (ಗುರುತು ಒಪ್ಪಿದ ಮೇಲೆ ಸರ್ವರ್ ಕೊಡುವ ಡಿಜಿಟಲ್ ಚೀಟಿ) ಕಾಣದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಸರ್ವರಿನ ವಿಳಾಸವನ್ನು ಸಿಸ್ಟಂ ಯಾರನ್ನು ಕೇಳುತ್ತಿದೆ

ಕೇಬಲ್ ದೀಪ ಉರಿಯುತ್ತಿದೆ, ಇಂಟರ್‌ನೆಟ್ ಬರುತ್ತಿದೆ, ಆದರೂ ಲಾಗಾನ್ ಸರ್ವರ್ ಇಲ್ಲ ಎನ್ನುತ್ತದೆ. ಇಂಟರ್‌ನೆಟ್ ಬರುತ್ತಿದೆ ಎಂಬ ಮಾತನ್ನು ನಂಬಿ ನೆಟ್‌ವರ್ಕ್ ಸರಿಯಾಗಿದೆ ಎಂದು ಮುಂದೆ ಹೋಗಬೇಡಿ. ಲೋಕಲ್ ಅಡ್ಮಿನ್ ಆಗಿ ಒಳಹೊಕ್ಕು ಐಪಿಕಾನ್ಫಿಗ್ ಆಜ್ಞೆಯನ್ನು ಆಲ್ ಸ್ವಿಚ್ (ಆಜ್ಞೆಯ ಜೊತೆಗೆ ಸೇರಿಸುವ ಆಯ್ಕೆಯ ಪದ) ಹಾಕಿ ಕೊಡಿ, ಡಿಎನ್‌ಎಸ್ ಸರ್ವರ್ ಎಂದಿರುವ ಸಾಲಿನಲ್ಲಿ ಯಾರ ವಿಳಾಸವಿದೆ ನೋಡಿ. ಸಿಸ್ಟಂಗೆ ಡೊಮೈನ್ ಕಂಟ್ರೋಲರ್ ಎಲ್ಲಿದೆ ಎಂದು ಹೇಳುವುದು ಡಿಎನ್‌ಎಸ್. ಅಲ್ಲಿ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಇದ್ದರೆ, ನಿಮ್ಮ ಕಚೇರಿಯ ಒಳಗಿನ ಹೆಸರು ಹೊರಗಿನ ಆ ಸರ್ವರಿಗೆ ಗೊತ್ತಿರುವುದಿಲ್ಲ. ಅದು "ಅಂಥ ಹೆಸರೇ ಇಲ್ಲ" ಎಂದು ಹೇಳುತ್ತದೆ, ಸಿಸ್ಟಂ ಅದನ್ನು ನಂಬುತ್ತದೆ.

ಮೊದಲನೆಯದಾಗಿ ಒಳಗಿನ ಡಿಎನ್‌ಎಸ್, ಎರಡನೆಯದಾಗಿ 8.8.8.8 ಎಂದು ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಇದು ಇನ್ನೂ ಅಪಾಯ. ಒಳಗಿನದು ಒಂದು ಕ್ಷಣ ಉತ್ತರ ಕೊಡದಿದ್ದರೆ ವಿಂಡೋಸ್ ಎರಡನೆಯದಕ್ಕೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ದೋಷ ಬಂದು ಹೋಗಿ ಮಾಡುತ್ತದೆ, ನೀವು ನೋಡಲು ಹೋದಾಗ ಎಲ್ಲ ಸರಿ ಇರುತ್ತದೆ. ಡೊಮೈನ್‌ಗೆ ಸೇರಿದ ಸಿಸ್ಟಂಗಳಿಗೆ ಹೊರಗಿನ ಡಿಎನ್‌ಎಸ್ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನ ಹೆಸರುಗಳನ್ನು ಒಳಗಿನ ಡಿಎನ್‌ಎಸ್ ಸರ್ವರೇ ಕೇಳಿ ತಂದುಕೊಡಲಿ.

ಐಪಿ ವಿಳಾಸವೇ ನಿಮ್ಮ ಕಚೇರಿಯ ಸರಣಿಯದ್ದಲ್ಲ, 192.168.0ರಿಂದ ಶುರುವಾಗುವ ಯಾವುದೋ ವಿಳಾಸ ಬಂದಿದೆ ಎಂದಾದರೆ ಯಾರೋ ಮನೆಬಳಕೆಯ ವೈಫೈ ರೂಟರ್ ತಂದು ಕಚೇರಿಯ ಸಾಕೆಟ್‌ಗೆ ಚುಚ್ಚಿರಬಹುದು. ಅದು ಕೇಳಿದವರಿಗೆಲ್ಲ ತನ್ನದೇ ವಿಳಾಸ ಹಂಚುತ್ತಿರುತ್ತದೆ. 169.254 ಎಂದಿದ್ದರೆ ವಿಳಾಸ ಕೊಡುವವರೇ ಸಿಕ್ಕಿಲ್ಲ ಎಂದರ್ಥ.

ಡಿಎನ್‌ಎಸ್ ಸರಿಯಿದ್ದರೆ ಎನ್‌ಎಲ್‌ಟೆಸ್ಟ್ ಆಜ್ಞೆಗೆ ಡಿಎಸ್‌ಗೆಟ್‌ಡಿಸಿ ಸ್ವಿಚ್ ಮತ್ತು ಡೊಮೈನ್ ಹೆಸರು ಕೊಡಿ. ಡೊಮೈನ್ ಕಂಟ್ರೋಲರ್‌ನ ಹೆಸರು, ವಿಳಾಸ ಬಂದರೆ ದಾರಿ ಇದೆ. 1355 ಎಂಬ ಸಂಖ್ಯೆ ಬಂದರೆ ಡೊಮೈನ್ ಪತ್ತೆಯಾಗಲಿಲ್ಲ. ನಡುವೆ ಫೈರ್‌ವಾಲ್ ಇದ್ದರೆ 53, 88, 135, 389, 445 ಪೋರ್ಟ್‌ಗಳು ತೆರೆದಿರಬೇಕು. 88 ಒಂದೇ ಮುಚ್ಚಿದ್ದರೂ, ಟಿಕೆಟ್ ಕೊಟ್ಟು ಲಾಗಿನ್ ನಡೆಸುವ ಕೆರ್ಬೆರೋಸ್ ವ್ಯವಸ್ಥೆ ನಿಂತುಹೋಗುತ್ತದೆ.

ಗಡಿಯಾರ

ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಏಕೆಂದರೆ ನಾನು ಅತಿ ಹೆಚ್ಚು ದಿನ ಕಳೆದುಕೊಂಡದ್ದು ಇಲ್ಲಿಯೇ. ಕೆರ್ಬೆರೋಸ್ ಟಿಕೆಟ್‌ಗಳಲ್ಲಿ ಸಮಯದ ಮುದ್ರೆ ಇರುತ್ತದೆ. ಸಿಸ್ಟಂ ಮತ್ತು ಡೊಮೈನ್ ಕಂಟ್ರೋಲರ್ ನಡುವೆ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದು ಒಪ್ಪುವುದಿಲ್ಲ. ಕದ್ದ ಟಿಕೆಟನ್ನು ಆಮೇಲೆ ಯಾರೂ ಬಳಸಬಾರದೆಂದು ಮಾಡಿದ ಏರ್ಪಾಡು ಇದು. ಮೊದಲ ಲಾಗಿನ್‌ನಲ್ಲಿ ವಿಂಡೋಸ್ ಕೆಲವೊಮ್ಮೆ ಸರ್ವರಿನ ಸಮಯಕ್ಕೆ ಹೊಂದಿಕೊಂಡು ದಾಟಿಬಿಡುತ್ತದೆ, ಹಾಗಾಗಿ ಈ ದೋಷ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ.

ಒಂದು ಡಿಸೆಂಬರ್‌ನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಕಚೇರಿಯೊಂದರ ಲೆಕ್ಕ ವಿಭಾಗದ ಸಿಸ್ಟಂ ದಿನವೂ ತೊಂದರೆ ಕೊಡುತ್ತಿತ್ತು. ಬೆಳಗ್ಗೆ ಲಾಗಿನ್ ಆಗುತ್ತಿತ್ತು. ಊಟಕ್ಕೆ ಹೋಗಿ ಬಂದು ಪರದೆ ತೆರೆದರೆ ಸಮಯದ ವ್ಯತ್ಯಾಸವಿದೆ ಎಂಬ ಸಂದೇಶ, ಹಂಚಿಕೆಯ ಫೋಲ್ಡರ್ ತೆರೆಯುತ್ತಿರಲಿಲ್ಲ. ನಾನು ಹೋಗಿ ನೋಡಿದೆ. ಸಿಸ್ಟಂನಲ್ಲಿ 2 ಗಂಟೆ 10 ನಿಮಿಷ, ಗೋಡೆಯ ಗಡಿಯಾರದಲ್ಲಿ 2 ಗಂಟೆ 10 ನಿಮಿಷ, ನನ್ನ ಕೈಗಡಿಯಾರದಲ್ಲೂ ಅಷ್ಟೇ. ಸಮಯ ಸರಿಯಿದೆ ಎಂದು ತೀರ್ಮಾನಿಸಿ ಎರಡು ದಿನ ಬೇರೆಲ್ಲೋ ಹುಡುಕಿದೆ.

ಮೂರನೆಯ ದಿನ ಡಬ್ಲ್ಯು32ಟಿಎಂ ಆಜ್ಞೆಗೆ ಸ್ಟ್ರಿಪ್‌ಚಾರ್ಟ್ ಸ್ವಿಚ್ ಹಾಕಿ ಡೊಮೈನ್ ಕಂಟ್ರೋಲರ್‌ನ ಹೆಸರು ಕೊಟ್ಟೆ. ಇದು ಎರಡು ಗಡಿಯಾರಗಳ ಅಂತರವನ್ನು ಸೆಕೆಂಡುಗಳಲ್ಲಿ ತೋರಿಸುತ್ತದೆ. ಬಂದದ್ದು ಮೈನಸ್ 48600ರ ಆಸುಪಾಸು. ಕಾಗದದ ಮೇಲೆ 3600ರಿಂದ ಭಾಗಿಸಿದೆ: ಹದಿಮೂರೂವರೆ ಗಂಟೆ. ಆ ಅರ್ಧ ಗಂಟೆಯೇ ಗುಟ್ಟು ಬಿಟ್ಟುಕೊಟ್ಟಿತು. ಚಳಿಗಾಲದಲ್ಲಿ ಭಾರತಕ್ಕೂ ಅಮೆರಿಕದ ಪಶ್ಚಿಮ ಕರಾವಳಿಗೂ ಇರುವ ಅಂತರ ಅದು. ಸಿಸ್ಟಂಗೆ ಹೊಸದಾಗಿ ವಿಂಡೋಸ್ ಹಾಕಿದಾಗ ಟೈಮ್ ಝೋನ್ ಬದಲಿಸದೆ ಪೆಸಿಫಿಕ್ ವಲಯದಲ್ಲೇ ಬಿಟ್ಟಿದ್ದರು. ಡೊಮೈನ್ ಅದಕ್ಕೆ ಸರಿಯಾದ ಸಮಯ ಕೊಡುತ್ತಿತ್ತು, ಆದರೆ ಪರದೆಯ ಮೇಲೆ ಹಿಂದಿನ ರಾತ್ರಿಯ ಸಮಯ ಕಾಣುತ್ತಿತ್ತು. ಅಲ್ಲಿ ಕುಳಿತವರು ಅದನ್ನು ತಪ್ಪೆಂದು ತಿಳಿದು ಗೋಡೆಯ ಗಡಿಯಾರ ನೋಡಿ ದಿನವೂ ಪ್ರಾಮಾಣಿಕವಾಗಿ ಸರಿಪಡಿಸುತ್ತಿದ್ದರು. ಸರಿಪಡಿಸಿದ ಕ್ಷಣದಿಂದ ಒಳಗಿನ ಸಮಯ ಹದಿಮೂರೂವರೆ ಗಂಟೆ ಮುಂದೆ ಹೋಗುತ್ತಿತ್ತು. ಕೆರ್ಬೆರೋಸ್ ನೋಡುವುದು ಅಂತರರಾಷ್ಟ್ರೀಯ ಸಮಯವನ್ನು, ಪರದೆಯ ಮೇಲೆ ಕಾಣುವುದನ್ನಲ್ಲ. ಟೈಮ್ ಝೋನನ್ನು ಭಾರತಕ್ಕೆ ಬದಲಿಸಿ, ಸಮಯ ಬದಲಿಸುವ ಅಧಿಕಾರವನ್ನು ಸಾಮಾನ್ಯ ಖಾತೆಯಿಂದ ತೆಗೆದೆ. ಅಲ್ಲಿಗೆ ಮುಗಿಯಿತು.

ಇಡೀ ಕಚೇರಿಯ ಸಮಯ ತಪ್ಪಿದ್ದರೆ ಬೇರೆ ಕಡೆ ನೋಡಬೇಕು. ಡೊಮೈನ್ ಕಂಟ್ರೋಲರ್ ವರ್ಚುವಲ್ ಯಂತ್ರವಾಗಿದ್ದು, ಅದು ತನ್ನನ್ನು ಹೊತ್ತ ಭೌತಿಕ ಸರ್ವರಿನಿಂದ ಸಮಯ ಪಡೆಯುತ್ತಿದ್ದರೆ, ಆ ಸರ್ವರಿನ ಮದರ್‌ಬೋರ್ಡ್ ಬ್ಯಾಟರಿ ಸತ್ತಿರಬಹುದು. ವಾರಾಂತ್ಯ ಕರೆಂಟ್ ಹೋಗಿ ಯುಪಿಎಸ್ ಖಾಲಿಯಾದ ಸೋಮವಾರ ಇದನ್ನು ನೆನಪಿಡಿ. ಪಿಡಿಸಿ ಎಮ್ಯುಲೇಟರ್ ಪಾತ್ರ ಇರುವ (ಡೊಮೈನ್‌ನ ಸಮಯ, ಖಾತೆ ಲಾಕ್‌ಗಳಿಗೆ ಮುಖ್ಯವಾದ) ಡೊಮೈನ್ ಕಂಟ್ರೋಲರ್ ಹೊರಗಿನ ನಂಬಿಕೆಯ ಮೂಲದಿಂದ ಸಮಯ ಪಡೆಯಬೇಕು, ಉಳಿದವೆಲ್ಲ ಅದರಿಂದ. ಭಾರತದಲ್ಲಿ ಇದು ಸಲಹೆಯಷ್ಟೇ ಅಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೆಯಾದ ಸರ್ವರ್‌ಗಳಿಗೆ ತಮ್ಮ ಗಡಿಯಾರ ಹೊಂದಿಸಬೇಕು. ಎನ್‌ಐಸಿಯ ಆ ಸರ್ವರ್‌ಗಳ ಹೆಸರೇ ಸಮಯ್1, ಸಮಯ್2. ಅದೇ ನಿರ್ದೇಶನ ಲಾಗ್‌ಗಳನ್ನು (ಯಂತ್ರಗಳು ತಾವೇ ಬರೆದಿಡುವ ಘಟನೆಗಳ ದಾಖಲೆ) 180 ದಿನ ಉಳಿಸಬೇಕೆಂದೂ ಹೇಳುತ್ತದೆ.

ಸಿಸ್ಟಂನ ಸ್ವಂತ ಪಾಸ್‌ವರ್ಡ್

ಟ್ರಸ್ಟ್ ರಿಲೇಶನ್‌ಶಿಪ್ ಮುರಿದಿದೆ ಎಂಬ ಸಂದೇಶದ ಅರ್ಥ ಇಷ್ಟೇ: ಕಂಪ್ಯೂಟರ್ ಖಾತೆಯ ಪಾಸ್‌ವರ್ಡ್ ಎರಡು ಕಡೆ ಬೇರೆ ಬೇರೆ ಆಗಿದೆ. ಸಿಸ್ಟಂ ಸಾಮಾನ್ಯವಾಗಿ 30 ದಿನಕ್ಕೊಮ್ಮೆ ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಿಕೊಂಡು ಡೊಮೈನ್‌ಗೆ ತಿಳಿಸುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆ ಬೇರೂರಿದೆ. 30 ದಿನ ಆಫ್ ಇಟ್ಟ ಸಿಸ್ಟಂ ಡೊಮೈನ್‌ನಿಂದ ಬಿದ್ದುಹೋಗುತ್ತದೆ ಎಂದು ಅನುಭವಿಗಳೂ ಹೇಳುತ್ತಾರೆ. ಹಾಗೆ ಆಗುವುದಿಲ್ಲ. ಬದಲಾವಣೆ ಶುರುಮಾಡುವುದು ಸಿಸ್ಟಂ, ಡೊಮೈನ್ ಅಲ್ಲ. ಆರು ತಿಂಗಳು ಕಪಾಟಿನಲ್ಲಿದ್ದ ಲ್ಯಾಪ್‌ಟಾಪ್ ಕೂಡ ಹಳೆಯ ಪಾಸ್‌ವರ್ಡ್‌ನೊಂದಿಗೇ ಬಂದು ಆಮೇಲೆ ಹೊಸದು ಮಾಡಿಕೊಳ್ಳುತ್ತದೆ. ಬಿದ್ದುಹೋಗಿದ್ದರೆ, ಬಳಕೆಯಲ್ಲಿಲ್ಲದ ಖಾತೆಗಳನ್ನು ಯಾರೋ ನಿಷ್ಕ್ರಿಯಗೊಳಿಸಿರಬೇಕು ಅಥವಾ ಅಳಿಸಿರಬೇಕು.

ನಿಜವಾಗಿ ಮುರಿಯುವುದು ಸಿಸ್ಟಂ ಹಿಂದಿನ ಕಾಲಕ್ಕೆ ಮರಳಿದಾಗ. ವರ್ಚುವಲ್ ಯಂತ್ರದ ಹಳೆಯ ಸ್ನ್ಯಾಪ್‌ಶಾಟ್, ಹಳೆಯ ಡಿಸ್ಕ್ ಇಮೇಜ್, ಪ್ರತಿ ಸಲ ಆನ್ ಮಾಡಿದಾಗಲೂ ಮೊದಲಿನ ಸ್ಥಿತಿಗೆ ತರುವ ತಂತ್ರಾಂಶ, ಇವೆಲ್ಲ ಹಳೆಯ ಪಾಸ್‌ವರ್ಡನ್ನು ತಂದು ಕೂರಿಸುತ್ತವೆ. ಒಂದೇ ಹೆಸರಿನ ಎರಡು ಸಿಸ್ಟಂಗಳಿದ್ದರೂ ಹೀಗೆ ಆಗುತ್ತದೆ: ಎರಡನೆಯದನ್ನು ಸೇರಿಸಿದಾಗ ಮೊದಲನೆಯದರ ಪಾಸ್‌ವರ್ಡ್ ಅಳಿಯುತ್ತದೆ, ಅದನ್ನು ದುರಸ್ತಿ ಮಾಡಿದರೆ ಎರಡನೆಯದು ಬೀಳುತ್ತದೆ. ಒಂದನ್ನು ಸರಿ ಮಾಡಿದ ದಿನವೇ ಇನ್ನೊಂದು ಕೆಡುತ್ತಿದ್ದರೆ ಎರಡರ ಹೆಸರನ್ನೂ ಓದಿ.

ದುರಸ್ತಿಗೆ ಹೊರತೆಗೆಯಬೇಕಿಲ್ಲ. ಲೋಕಲ್ ಅಡ್ಮಿನ್ ಆಗಿ ಒಳಹೊಕ್ಕು, ಪವರ್‌ಶೆಲ್ ಅನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದು ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಆಜ್ಞೆ ಕೊಡಿ. ಫಾಲ್ಸ್ ಎಂದು ಬಂದರೆ ಅದೇ ಆಜ್ಞೆಗೆ ರಿಪೇರ್ ಮತ್ತು ಕ್ರೆಡೆನ್ಶಿಯಲ್ ಎಂಬ ಸ್ವಿಚ್‌ಗಳನ್ನು ಸೇರಿಸಿ, ಡೊಮೈನ್‌ನಲ್ಲಿ ಅಧಿಕಾರವಿರುವ ಖಾತೆಯ ಹೆಸರು, ಪಾಸ್‌ವರ್ಡ್ ಕೊಡಿ. ಟ್ರೂ ಎಂದು ಬಂದರೆ ಪಾಸ್‌ವರ್ಡ್‌ಗಳು ಹೊಂದಿಕೊಂಡವು, ಖಾತೆ ಹಾಗೆಯೇ ಉಳಿಯಿತು, ಬಿಟ್‌ಲಾಕರ್ ಕೀಯೂ ಉಳಿಯಿತು. ಗಡಿಯಾರ ಮತ್ತು ಡಿಎನ್‌ಎಸ್ ಸರಿಯಿಲ್ಲದೆ ಇದನ್ನು ಮಾಡಲು ಹೋಗಬೇಡಿ, ವಿಫಲವಾಗುತ್ತದೆ.

ಖಾತೆ ಮತ್ತೆ ಮತ್ತೆ ಲಾಕ್ ಆಗುತ್ತಿದ್ದರೆ

ಹಿರಿಯ ನೌಕರರೊಬ್ಬರಿಗೆ ವಾರಕ್ಕೆ ಮೂರು ನಾಲ್ಕು ಸಲ ಖಾತೆ ಲಾಕ್ ಆಗುತ್ತಿತ್ತು. "ಮೇಡಂ, ನಿಧಾನವಾಗಿ ಟೈಪ್ ಮಾಡಿ" ಎಂದು ಎಲ್ಲರೂ ಅವರಿಗೇ ಹೇಳುತ್ತಿದ್ದರು. ಅವರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ ಒತ್ತುವ ಸ್ಥಿತಿಗೆ ಬಂದಿದ್ದರು. ಅದನ್ನು ಕಂಡು ನನಗೆ ಸಂಕಟವಾಯಿತು.

ಖಾತೆ ಲಾಕ್ ಆದಾಗ ಪಿಡಿಸಿ ಎಮ್ಯುಲೇಟರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ದಾಖಲೆ ಬೀಳುತ್ತದೆ. ತಪ್ಪು ಪಾಸ್‌ವರ್ಡ್ ಯಾವ ಯಂತ್ರದಿಂದ ಬಂತು ಎಂಬುದು ಅದರಲ್ಲಿರುತ್ತದೆ. ತೆರೆದು ನೋಡಿದರೆ ಅಲ್ಲಿದ್ದದ್ದು ಅವರ ಸಿಸ್ಟಂನ ಹೆಸರಲ್ಲ, ಪಡಸಾಲೆಯ ಸ್ಕ್ಯಾನರ್ ಯಂತ್ರದ್ದು. ಸ್ಕ್ಯಾನ್ ಮಾಡಿದ ಕಾಗದ ಹಂಚಿಕೆಯ ಫೋಲ್ಡರಿಗೆ ಹೋಗಲೆಂದು ಹಿಂದೆ ಯಾರೋ ಆ ಯಂತ್ರದಲ್ಲಿ ಇವರ ಹೆಸರು, ಪಾಸ್‌ವರ್ಡ್ ಹಾಕಿಟ್ಟಿದ್ದರು. ಕಚೇರಿಯಲ್ಲಿ ಯಾರು ಹೆಚ್ಚು ಸ್ಕ್ಯಾನ್ ಮಾಡಿದರೂ ಲಾಕ್ ಆಗುತ್ತಿದ್ದುದು ಇವರ ಖಾತೆ.

ಪಾಸ್‌ವರ್ಡ್ ಬದಲಿಸಿ ಎಷ್ಟೋ ತಿಂಗಳಾದ ಮೇಲೆ ಲಾಕ್ ಶುರುವಾದದ್ದೇಕೆ ಎಂಬುದು ನನ್ನನ್ನು ಕಾಡಿತ್ತು. ಪಾಸ್‌ವರ್ಡ್ ಇತಿಹಾಸ ಇಟ್ಟುಕೊಳ್ಳುವ ಡೊಮೈನ್‌ನಲ್ಲಿ, ಬಂದ ತಪ್ಪು ಪಾಸ್‌ವರ್ಡ್ ಹಿಂದಿನ ಎರಡರಲ್ಲಿ ಒಂದಾಗಿದ್ದರೆ ಅದನ್ನು ಲಾಕ್‌ನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂರನೆಯ ಬದಲಾವಣೆಯಾದ ಮೇಲಷ್ಟೇ ಸ್ಕ್ಯಾನರಿನಲ್ಲಿದ್ದ ಪಾಸ್‌ವರ್ಡ್ ಲೆಕ್ಕಕ್ಕೆ ಬಂದದ್ದು. ಸ್ಕ್ಯಾನರಿಗೆ ಪ್ರತ್ಯೇಕ ಖಾತೆ ಮಾಡಿಕೊಟ್ಟೆ, ಮೇಡಂ ಚೀಟಿ ಹರಿದುಹಾಕಿದರು.

ಸ್ಕ್ಯಾನರ್ ಅಲ್ಲದಿದ್ದರೆ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಪಾಸ್‌ವರ್ಡ್, ಮ್ಯಾಪ್ ಮಾಡಿದ ಡ್ರೈವ್, ಶೆಡ್ಯೂಲ್ ಮಾಡಿದ ಕೆಲಸ, ಮುಚ್ಚದೆ ಬಿಟ್ಟ ರಿಮೋಟ್ ಡೆಸ್ಕ್‌ಟಾಪ್, ಮೊಬೈಲಿನ ಇಮೇಲ್, ಇವುಗಳಲ್ಲಿ ಹುಡುಕಿ.

ಲಾಕ್ ಆಗಿಲ್ಲ, ಸುಮ್ಮನೆ ಆಗುತ್ತಿಲ್ಲ ಎಂದಾದರೆ ಸಿಸ್ಟಂನ ಸೆಕ್ಯೂರಿಟಿ ಲಾಗ್‌ನಲ್ಲಿ 4625 ನೋಡಿ. ಅದರ ಉಪಸಂಕೇತದ ಕೊನೆಯ ಅಕ್ಷರಗಳು ನಿಜ ಹೇಳುತ್ತವೆ: 6ಎ ಎಂದರೆ ಪಾಸ್‌ವರ್ಡ್ ತಪ್ಪು, 64 ಎಂದರೆ ಅಂಥ ಹೆಸರೇ ಇಲ್ಲ, 72 ಎಂದರೆ ಖಾತೆ ನಿಷ್ಕ್ರಿಯ, 234 ಎಂದರೆ ಲಾಕ್, 133 ಎಂದರೆ ಗಡಿಯಾರ.

ಕಚೇರಿಯಲ್ಲಿ ಯಾರಿಗೂ ಲಾಗಿನ್ ಆಗುತ್ತಿಲ್ಲವಾದರೆ

ಡೊಮೈನ್ ಕಂಟ್ರೋಲರ್‌ನಲ್ಲಿ ನೆಟ್ ಶೇರ್ ಆಜ್ಞೆ ಕೊಡಿ. ಸಿಸ್‌ವಾಲ್ ಮತ್ತು ನೆಟ್‌ಲಾಗಾನ್ ಎಂಬ ಹಂಚಿಕೆಯ ಫೋಲ್ಡರ್‌ಗಳು ಎರಡೂ ಪಟ್ಟಿಯಲ್ಲಿಲ್ಲವಾದರೆ ಅದು ಎದ್ದಿದ್ದರೂ ಕೆಲಸಕ್ಕೆ ಸಿದ್ಧವಾಗಿಲ್ಲ. ಆಮೇಲೆ ಅದರ ನೆಟ್‌ವರ್ಕ್ ಪ್ರೊಫೈಲ್ ಡೊಮೈನ್ ಎಂದಿದೆಯೇ, ಪಬ್ಲಿಕ್ ಎಂದಿದೆಯೇ ನೋಡಿ. ಪಬ್ಲಿಕ್ ಆಗಿದ್ದರೆ ಫೈರ್‌ವಾಲ್ ಎಲ್ಲರನ್ನೂ ಹೊರಗೇ ನಿಲ್ಲಿಸುತ್ತದೆ. ವಿಂಡೋಸ್ ಸರ್ವರ್ 2025ರ ಡೊಮೈನ್ ಕಂಟ್ರೋಲರ್‌ಗಳಲ್ಲಿ ಮರುಪ್ರಾರಂಭದ ನಂತರ ಹೀಗಾಗುವುದನ್ನು ಮೈಕ್ರೋಸಾಫ್ಟ್ ಸ್ವತಃ ಒಪ್ಪಿಕೊಂಡು ಸರಿಪಡಿಸಿತು. ನೆಟ್‌ವರ್ಕ್ ಅಡಾಪ್ಟರನ್ನು ಒಮ್ಮೆ ನಿಲ್ಲಿಸಿ ಶುರುಮಾಡಿದರೆ ಪ್ರೊಫೈಲ್ ಸರಿಹೋಗುತ್ತದೆ. ಅಪ್‌ಡೇಟ್ ಹಾಕಿದ ಮರುದಿನ ಕೆಟ್ಟಿದ್ದರೆ ಅಪ್‌ಡೇಟ್‌ನ ಮೇಲೂ ಅನುಮಾನವಿರಲಿ. 2022ರ ನವೆಂಬರ್ ಅಪ್‌ಡೇಟ್ ಡೊಮೈನ್ ಕಂಟ್ರೋಲರ್‌ಗಳಲ್ಲಿ ಕೆರ್ಬೆರೋಸ್ ಲಾಗಿನ್ ಕೆಡಿಸಿತ್ತು, ಅದೇ ತಿಂಗಳು ಪ್ರತ್ಯೇಕ ತಿದ್ದುಪಡಿ ಬಂತು. ಒಂದಕ್ಕಿಂತ ಹೆಚ್ಚು ಡೊಮೈನ್ ಕಂಟ್ರೋಲರ್ ಇದ್ದರೆ ರೆಪ್‌ಅಡ್ಮಿನ್ ಆಜ್ಞೆಗೆ ರೆಪ್ಲ್‌ಸಮ್ಮರಿ ಸ್ವಿಚ್ ಕೊಟ್ಟು ಅವುಗಳ ನಡುವಿನ ವಿನಿಮಯ ನಡೆದಿದೆಯೇ ನೋಡಿ.

ಇಷ್ಟೆಲ್ಲ ನೋಡಿಯೂ ಹೊರತೆಗೆಯಲೇಬೇಕಾಗಿ ಬಂದರೆ, ಮೊದಲು ವಿಂಡೋಸ್ ಲ್ಯಾಪ್ಸ್‌ನಿಂದ (ಲೋಕಲ್ ಅಡ್ಮಿನ್ ಪಾಸ್‌ವರ್ಡ್‌ಗಳನ್ನು ನಿರ್ವಹಿಸುವ ವಿಂಡೋಸ್‌ನ ಸೌಲಭ್ಯ) ಲೋಕಲ್ ಅಡ್ಮಿನ್ ಪಾಸ್‌ವರ್ಡ್ ತೆಗೆದುಕೊಂಡು ಆ ಸಿಸ್ಟಂನಲ್ಲಿ ಒಮ್ಮೆ ಲಾಗಿನ್ ಆಗಿ ಖಚಿತಪಡಿಸಿಕೊಳ್ಳಿ. ಬಿಟ್‌ಲಾಕರ್ ಕೀಯನ್ನು ಸುರಕ್ಷಿತ ಜಾಗದಲ್ಲಿ ಬರೆದಿಡಿ. ಸೆಕ್ಯೂರಿಟಿ ಮತ್ತು ಸಿಸ್ಟಂ ಲಾಗ್‌ಗಳ ಪ್ರತಿ ಉಳಿಸಿ. ಆ್ಯಕ್ಟಿವ್ ಡೈರೆಕ್ಟರಿಯಲ್ಲಿರುವ ಕಂಪ್ಯೂಟರ್ ಖಾತೆಯನ್ನು ಅಳಿಸಬೇಡಿ, ರೀಸೆಟ್ ಅಕೌಂಟ್ ಎಂದಷ್ಟೇ ಮಾಡಿ. ಮತ್ತೆ ಸೇರಿಸುವಾಗ, ಆ ಖಾತೆಯನ್ನು ಮೊದಲು ಸೃಷ್ಟಿಸಿದವರ ಹೆಸರಿನಲ್ಲೇ ಸೇರಿಸಿ.